ನಾಳ ಮುಚ್ಚೋ ಕಣಗಳಿಂದಲೇ ಶ್ವಾಸಕೋಶದ ಚಿತ್ರ

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆಯಾ ಅಂತ ನೋಡೋಕೆ, ಅದೇ ನಾಳಗಳಿಗೆ ಇನ್ನಷ್ಟು ಕಣ ಬಿಡೋದು! ಹುಚ್ಚು ಅನ್ಸುತ್ತೆ, ಅಲ್ವಾ? 1964ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಹೆನ್ರಿ ವ್ಯಾಗ್ನರ್ ತಂಡ ರೋಗಿಗಳಲ್ಲಿ ಮಾಡಿ ತೋರಿಸಿದ್ದು ಇದನ್ನೇ. ರಕ್ತದ ಆಲ್ಬುಮಿನ್ ಪ್ರೋಟೀನ್‌ನ ಸಣ್ಣ ಗಂಟುಗಳು, ಜೊತೆಗೆ ವಿಕಿರಣಶೀಲ ಅಯೋಡಿನ್-131. ರಕ್ತ ಹರಿಯೋ ಕಡೆ ಕಣ ಹೋಗಿ ಕೂರುತ್ತೆ. ಹರಿಯದ ಜಾಗ ಚಿತ್ರದಲ್ಲಿ ಖಾಲಿ.

ಎಲ್ಲರೂ ವಿಕಿರಣಕ್ಕೆ ಹೆದರ್ತಾರೆ. ಅಯೋಡಿನ್‌ನ ಅರ್ಧಾಯುಷ್ಯ 8 ದಿನ, ಆಮೇಲೆ ಬಂದ ಟೆಕ್ನೀಷಿಯಂನದ್ದು ಬರೀ 6 ಗಂಟೆ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಎಣಿಕೆ. ಈಗ ದೊಡ್ಡವರಿಗೆ ಸಾಮಾನ್ಯವಾಗಿ 2ರಿಂದ 7 ಲಕ್ಷ ಕಣ. ಶ್ವಾಸಕೋಶದ ಲೋಮನಾಳಗಳು ಸಾವಿರಾರು ಕೋಟಿ, ಹಾಗಾಗಿ ಮುಚ್ಚೋದು ತೀರಾ ಸಣ್ಣ ಪಾಲು. ಪ್ರೋಟೀನ್ ಅಲ್ವಾ, ಗಂಟೆಗಳಲ್ಲೇ ಒಡೆದು ಹೋಗುತ್ತೆ.

ಆದ್ರೆ ಶ್ವಾಸಕೋಶದ ನಾಳಗಳಲ್ಲಿ ಮೊದಲೇ ವಿಪರೀತ ಒತ್ತಡ ಇದ್ದ ಕೆಲವರು ಈ ಇಂಜೆಕ್ಷನ್ ನಂತರ ತೀರಿಕೊಂಡದ್ದು ದಾಖಲಾಗಿದೆ. ಅಂಥವರಲ್ಲಿ ತೆರೆದಿರೋ ನಾಳಗಳೇ ಕಮ್ಮಿ. ಅದಕ್ಕೇ ಅವರಿಗೂ ಮಕ್ಕಳಿಗೂ ಕಣಗಳ ಸಂಖ್ಯೆ ಇಳಿಸ್ತಾರೆ. ಹೃದಯದಲ್ಲಿ ರಂಧ್ರ ಇರೋರೂ ಸ್ಕ್ಯಾನ್‌ಗೆ ಮೊದಲೇ ಹೇಳ್ಬೇಕು: ಕಣ ಶ್ವಾಸಕೋಶಕ್ಕೆ ಹೋಗದೆ ಮೆದುಳಿನ ದಾರಿ ಹಿಡೀಬಹುದು.