ಮರಿಯ ಅಮ್ಮ ಎಲ್ಲಿ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ನನ್ನದೇ ಒಂದು ಪೆದ್ದುತನದಿಂದ ಶುರುವಾಗುತ್ತೆ.

ಕೆಲವು ವರ್ಷದ ಹಿಂದೆ ಬೆಂಗಳೂರಲ್ಲಿ, ಫೋನಲ್ಲಿ ಫೋಟೊ ನೋಡಿ ಒಂದು ಪಗ್ ಮರಿ ಬುಕ್ ಮಾಡಿದೆ. ಮಾರುವವನು ಮೆಟ್ರೊ ನಿಲ್ದಾಣದ ಹತ್ತಿರ ಬಂದು, ಬೈಕಿಗೆ ಕಟ್ಟಿದ್ದ ಬುಟ್ಟಿಯಿಂದ ಮರಿ ತೆಗೆದು ಕೈಗಿಟ್ಟ. ‘ಇದರ ತಾಯಿ?’ ಅಂದೆ. ‘ಊರಲ್ಲಿದೆ ಸರ್, ಆರಾಮಾಗಿದೆ’ ಅಂದ. ನಾನೂ ಸುಮ್ಮನಾದೆ. ಹನ್ನೊಂದನೇ ದಿನ ಮರಿ ಪಾರ್ವೊ ಬಂದು ಸತ್ತುಹೋಯಿತು. ತಾಯಿ ಬಿಟ್ಟು ಬರೋ ವಯಸ್ಸೇ ಆಗಿರಲಿಲ್ಲ ಅಂದರು ಡಾಕ್ಟರು. ಆಮೇಲೆ ನನ್ನನ್ನು ಕಾಡಿದ್ದು ಆ ಕಾಣದ ತಾಯಿ. ಅದರ ಇತಿಹಾಸ ಹುಡುಕಿಕೊಂಡು ಹೊರಟೆ.

ದಾರಿ ಹೋಗಿ ನಿಂತಿದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಮಧ್ಯ ಭಾಗದ ರೈತರು ಬೆಳೆ ಕೈಕೊಟ್ಟು ಕಂಗಾಲಾಗಿದ್ದರು. ನಾಯಿಮರಿಗಳನ್ನೂ ಬೆಳೆಯ ಹಾಗೆ ಬೆಳೆದು ಮಾರಿ ಅಂತ ಕೃಷಿ ಇಲಾಖೆಯೇ ಹುರಿದುಂಬಿಸಿತು. ಕೋಳಿಗೂಡು, ಮೊಲದ ಗೂಡುಗಳೇ ನಾಯಿಗೂಡಾದವು. ‘ಪಪ್ಪಿ ಮಿಲ್’ ಅನ್ನೋದು ಹೀಗೆ ಬೆಳೆದ ದಂಧೆ. ನಮ್ಮ ಹಿಟ್ಟಿನ ಮಿಲ್ ಇಲ್ವಾ, ಹಾಗೇ. ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು.

1966ರಲ್ಲಿ ಅಲ್ಲೊಂದು ಪ್ರಾಣಿ ಕಲ್ಯಾಣ ಕಾಯ್ದೆ ಬಂತು. 1970ರಲ್ಲಿ ಅದನ್ನು ಸಗಟು ಮರಿ ವ್ಯಾಪಾರಕ್ಕೂ ಹಿಗ್ಗಿಸಿದರು. ಆದರೆ ಗೂಡಿನ ಅಳತೆ ಕೇಳಿ: ನಾಯಿಯ ಮೂಗಿನ ತುದಿಯಿಂದ ಬಾಲದ ಬುಡಕ್ಕೆ ಅಳೆದು 6 ಇಂಚು ಸೇರಿಸಿ. ಅಷ್ಟುದ್ದ, ಅಷ್ಟಗಲ ನೆಲ ಇದ್ದರೆ ಕಾನೂನಿಗೆ ಸಾಕು!

ಕಾಣದ ತಾಯಿಯನ್ನು ಎಲ್ಲರ ಕಣ್ಣಿಗೆ ತಂದದ್ದು ಬ್ರಿಟನ್ನಿನ ಒಂದು ಪುಟ್ಟ ನಾಯಿ, ಲೂಸಿ. ಕವಲಿಯರ್ ಸ್ಪ್ಯಾನಿಯಲ್ ತಳಿ. 2013ರಲ್ಲಿ ವೇಲ್ಸ್‌ನ ಒಂದು ಮರಿ ಫಾರ್ಮ್‌ನಿಂದ ಬಿಡಿಸಿ ತಂದಾಗ ಇಕ್ಕಟ್ಟು ಗೂಡಲ್ಲೇ ಕಳೆದು ಅವಳ ಸೊಂಟ ಸೆಟೆದು, ಬೆನ್ನು ಬಾಗಿತ್ತು. ಸಾಲು ಸಾಲು ಸೂಲು ಹೆತ್ತು ಸೋತಿದ್ದಳು. ಅವಳು ಹೆತ್ತ ಮರಿಗಳು ಯಾರ್ಯಾರದೋ ಸೋಫಾ ಮೇಲೆ ಮುದ್ದು ಮಾಡಿಸಿಕೊಳ್ಳುತ್ತಿದ್ದವು. ಹೊಸ ಮನೆಯಲ್ಲಿ ಮೂರು ವರ್ಷ ಬದುಕಿ 2016ರಲ್ಲಿ ತೀರಿಕೊಂಡಳು. ಪಶುವೈದ್ಯ ಮಾರ್ಕ್ ಅಬ್ರಹಾಂ ಮತ್ತಿತರರು ಅವಳ ಹೆಸರಲ್ಲೇ ಚಳವಳಿ ಕಟ್ಟಿದರು. 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ‘ಲೂಸಿ ಕಾನೂನು’ ಜಾರಿಯಾಯಿತು. 6 ತಿಂಗಳ ಒಳಗಿನ ಮರಿಯನ್ನು ದಲ್ಲಾಳಿ, ಅಂಗಡಿಯವರು ಮಾರುವಂತಿಲ್ಲ. ಸಾಕಿದವರೇ ಮಾರಬೇಕು, ತಾಯಿಯ ಜೊತೆಗೇ ಮರಿ ತೋರಿಸಬೇಕು. ಲೂಸಿಯ ವೇಲ್ಸ್‌ಗೆ ಇದು ಬಂದದ್ದು ಮರುವರ್ಷ.

ನಮ್ಮಲ್ಲಿ? 2003ರ ಹಚ್ ಜಾಹೀರಾತಿನ ಪಗ್ ನಿಮಗೆ ಗೊತ್ತಿಲ್ಲದಿದ್ದರೆ ಅಕ್ಕನ್ನ ಕೇಳಿ. ಅದು ಬಂದದ್ದೇ ತಡ, ಎಲ್ಲರಿಗೂ ಪಗ್ಗೇ ಬೇಕು. ಚಪ್ಪಟೆ ಮೂಗಲ್ಲಿ ಉಸಿರಾಡೋಕೆ ಅದು ಪಡೋ ಪಾಡು ಜಾಹೀರಾತಲ್ಲಿ ಕಾಣಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಾಕಣೆಗೆ ನಿಯಮ ತಂದಿತು. ಸಾಕಣೆದಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ತಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವನದಲ್ಲಿ ಐದೇ. 8 ವಾರ ಆಗದ ಮರಿ ಮಾರುವಂತಿಲ್ಲ. ನನ್ನ ಬುಟ್ಟಿಯ ಮರಿ ಆ ಲೆಕ್ಕದಲ್ಲಿ ಮಾರಾಟಕ್ಕೇ ಬರಬಾರದಿತ್ತು. ಒಳ್ಳೇ ನಿಯಮ, ಆದರೆ ಕೇಳೋರು ಬೇಕಲ್ಲ?

ಕೇಳೋರು ಅಂದ್ರೆ ನಾವೇ. ದುಡ್ಡು ಕೊಡೋ ಮುಂಚೆ ತಾಯಿ ಇರೋ ಜಾಗಕ್ಕೆ ಹೋಗಿ ನೋಡಿ, ನೋಂದಣಿ ಪತ್ರ ಕೇಳಿ. ‘ಪಾಪ, ಈ ಒಂದನ್ನಾದ್ರೂ ಬಿಡಿಸೋಣ’ ಅಂತ ಕೊಂಡರೆ ಆ ದುಡ್ಡು ಅದೇ ತಾಯಿಯ ಮುಂದಿನ ಸೂಲಿಗೆ ಹೋಗುತ್ತೆ. ಇದು ಕಷ್ಟದ ಮಾತು, ಗೊತ್ತು. ಆಶ್ರಯಧಾಮಗಳಲ್ಲಿ ಮನೆಗಾಗಿ ಕಾಯುತ್ತಿರೋ ಬೀದಿನಾಯಿಗಳಿವೆ. ನಮ್ಮನೆಯಲ್ಲಿ ಈಗ ಇರೋದು ಅಂಥದ್ದೇ ಒಂದು, ಈ ರೆಕಾರ್ಡಿಂಗ್ ಮಧ್ಯೆ ಎರಡು ಸಲ ಬೊಗಳಿದ್ದೂ ಅದೇ.

ಆ ಮಾರಾಟಗಾರನ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಕಳೆದ ವಾರ ಅವನ ಸ್ಟೇಟಸ್‌ನಲ್ಲಿ ಐದು ಹೊಸ ಮರಿಗಳು. ‘ತಾಯಿ ನೋಡಬೇಕು, ವಿಳಾಸ ಕಳಿಸಿ’ ಅಂತ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ವಿಳಾಸ ಬರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಮಂಡಳಿಗೆ ಬರೆದ ದೂರಿನ ಜೊತೆ ಲಗತ್ತಿಸಿದ್ದೇನೆ.