ಮಣ್ಣಿನ ಋಣ, ಶಿಷ್ಯನ ಋಣ

ಮೊದಲ ಮಳೆಗೆ ನೆಲ ಸೂಸುವ ಕಂಪನ್ನು ಅರಿಯದವರು ಯಾರು? ಆ ಕಂಪಿನಲ್ಲಿ ದೊಡ್ಡದೊಂದು ಪಾಲು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳದು. ಬೂಷ್ಟಿನಂತೆ ಎಳೆಯೆಳೆಯಾಗಿ ಮಣ್ಣಿನಲ್ಲಿ ಹಬ್ಬುವ ಜೀವಿಗಳಿವು. ಇವುಗಳಲ್ಲೊಂದರ ಹೆಸರು ಗ್ರೀಸಿಯಸ್, ಎಂದರೆ ಬೂದುಬಣ್ಣದ್ದು. ರಾಜಯಕ್ಷ್ಮವೆಂದು ಹಿಂದಿನವರು ಅಂಜುತ್ತಿದ್ದ ಕ್ಷಯರೋಗವನ್ನು ಮಣಿಸಿದ ಮೊದಲ ಜೀವಿನಿರೋಧಕ ಔಷಧ ಸ್ಟ್ರೆಪ್ಟೊಮೈಸಿನ್ ದೊರೆತದ್ದು ಇದರಿಂದಲೇ.

ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಎಂಬ ಪ್ರಾಧ್ಯಾಪಕರಿದ್ದರು. ಮಣ್ಣಿನ ಜೀವಿಗಳು ಪರಸ್ಪರ ಹೋರಾಡುತ್ತ ಸ್ರವಿಸುವ ವಸ್ತುಗಳಲ್ಲಿ ಮದ್ದನ್ನು ಕ್ರಮವಾಗಿ ಅರಸುವ ಮಾರ್ಗ ಅವರದು. ಅವರ ಶಿಷ್ಯ ಆಲ್ಬರ್ಟ್ ಷಾಟ್ಸ್ 23ರ ತರುಣ. ಪೆನಿಸಿಲಿನ್ ಕ್ಷಯದ ಮುಂದೆ ಕೈಚೆಲ್ಲಿದ್ದ ಕಾಲವದು. ಕ್ಷಯದ ರೋಗಾಣುಗಳೊಡನೆ ಕೆಲಸ ಮಾಡಲು ಷಾಟ್ಸ್‌ಗೆ ದೊರೆತದ್ದು ನೆಲಮಾಳಿಗೆಯ ಪ್ರಯೋಗಶಾಲೆ. ಅಲ್ಲಿ 1943ರ ಅಕ್ಟೋಬರಿನಲ್ಲಿ ಅವರು ಈ ಜೀವಿಯ ಎರಡು ತಳಿಗಳನ್ನು ಬೇರ್ಪಡಿಸಿದರು: ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನದು, ಇನ್ನೊಂದು ಕೋಳಿಯೊಂದರ ಗಂಟಲಿನದು. 1944ರ ಜನವರಿಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮೊದಲ ಹೆಸರು ಷಾಟ್ಸ್‌ರದು, ಎರಡನೆಯದು ಎಲಿಜಬೆತ್ ಬೂಗಿಯವರದು, ಕಡೆಯದು ಗುರುವಿನದು.

ಮದ್ದು ಫಲಿಸಿತು, ಕೀರ್ತಿ ಮಾತ್ರ ಗುರುವಿನ ಮನೆಯಲ್ಲೇ ನಿಂತಿತು. ಪೇಟೆಂಟಿನ ಆದಾಯದಲ್ಲಿ ಗುರುವಿಗೆ ಪಾಲು ಸಲ್ಲುತ್ತಿದ್ದುದು ತಿಳಿದಾಗ, 1950ರಲ್ಲಿ ಶಿಷ್ಯ ನ್ಯಾಯಾಲಯದ ಮೆಟ್ಟಿಲೇರಿದ. ಅದೇ ವರ್ಷದ ಕೊನೆಗೆ ರಾಜಿಯಾಯಿತು. ಷಾಟ್ಸ್ ಸಹಶೋಧಕರೆಂದು ಒಪ್ಪಿತವಾಯಿತು. ಆದಾಯದಲ್ಲಿ ಅವರಿಗೆ ನೂರಕ್ಕೆ 3, ಗುರುವಿಗೆ 10 ಎಂದು ನಿಗದಿಯಾಯಿತು. ಆದರೂ 1952ರ ನೊಬೆಲ್ ಬಹುಮಾನ ಬಂದದ್ದು ವ್ಯಾಕ್ಸ್‌ಮನ್‌ರೊಬ್ಬರಿಗೇ. ಅರ್ಧ ಶತಮಾನ ಸಂದ ಮೇಲೆ, 1994ರಲ್ಲಿ, ರಟ್ಗರ್ಸ್ ತನ್ನ ಪದಕವನ್ನಿತ್ತು ಷಾಟ್ಸ್‌ರನ್ನು ಗೌರವಿಸಿತು. ಅವರು 2005ರಲ್ಲಿ ತೀರಿಕೊಂಡರು.

ಗುರುವನ್ನು ಖಳನಾಗಿಸುವುದು ಸುಲಭ. ಆದರೆ ಹುಡುಕುವ ದಾರಿಯನ್ನು ಹಾಕಿಕೊಟ್ಟವರು ಅವರೇ ಎಂಬುದೂ ಸತ್ಯ. ದಾರಿ ಒಬ್ಬರದು, ನಡೆದ ಕಾಲು ಇನ್ನೊಬ್ಬರದು. ಗುರುಋಣವನ್ನು ಕುರಿತು ನಮ್ಮಲ್ಲಿ ಧಾರಾಳವಾಗಿ ಮಾತನಾಡುತ್ತೇವೆ. ಶಿಷ್ಯನ ಋಣವೆಂಬುದೊಂದು ಇದೆಯೆಂದು, ಬಹುಕಾಲ ಪಾಠ ಹೇಳಿದ ನನಗೂ ಹೊಳೆದದ್ದು ತಡವಾಗಿಯೇ. ವಿದ್ಯಾರ್ಥಿಯ ಟಿಪ್ಪಣಿಯಿಂದ ಎತ್ತಿಕೊಂಡ ಹೊಳಹುಗಳು ನನ್ನ ಉಪನ್ಯಾಸಗಳಲ್ಲೂ ಇರಲಿಲ್ಲವೆ?

2019ರಲ್ಲಿ ನ್ಯೂಜೆರ್ಸಿ ಈ ಬೂದು ಜೀವಿಯನ್ನೇ ತನ್ನ ರಾಜ್ಯದ ಸೂಕ್ಷ್ಮಜೀವಿಯೆಂದು ಸಾರಿತು. ಮನುಷ್ಯರ ಲೆಕ್ಕ ಇತ್ಯರ್ಥವಾಗಲು ಐವತ್ತು ವರ್ಷ ಹಿಡಿಯಿತು. ಮಣ್ಣು ಮಾತ್ರ ಕೊಟ್ಟದ್ದಕ್ಕೆ ಯಾರ ಹೆಸರನ್ನೂ ಕೇಳಲಿಲ್ಲ.