ಅದಿಯಮಾನ್‌ಕೋಟೆಯಲ್ಲಿ ಐರ್ಲೆಂಡಿನ ನೆನಪು

ಧರ್ಮಪುರಿಯ ಅಕ್ಕನ ಮನೆಗೆ ಹೋದಾಗಲೆಲ್ಲ ಸೇಲಂ ರಸ್ತೆಯ ಅದಿಯಮಾನ್‌ಕೋಟೆಗೆ ಹೋಗಿಬರುವುದು ನನ್ನ ರೂಢಿ. ಅಲ್ಲಿಯ ಪೆರುಮಾಳಿನ ಹೆಸರು ಚೆನ್ರಾಯ. ನಮ್ಮ ಕಿವಿಗೆ ಆತ ಚೆನ್ನರಾಯನೇ. ಕಳೆದ ಸಲ ಗುಡಿಯ ಜಗಲಿಯಲ್ಲಿ ಮುದುಕರೊಬ್ಬರು ನನ್ನನ್ನು ಕನ್ನಡದಲ್ಲಿ ಮಾತಿಗೆಳೆದರು. ಪಕ್ಕದಲ್ಲಿದ್ದ ಮೊಮ್ಮಗ ಅವರಿಗೆ ಉತ್ತರಿಸುತ್ತಿದ್ದುದು ತಮಿಳಿನಲ್ಲಿ. “ಅವನಿಗೆ ಅರ್ಥ ಆಯ್ತದೆ ಸ್ವಾಮಿ, ಮಾತಾಡಾಕೆ ಬರಕ್ಕಿಲ್ಲ” ಎಂದರು. ತಮಿಳಿನ ಜಾಗದಲ್ಲಿ ಮಲಯಾಳವನ್ನಿಟ್ಟರೆ ಇದು ಕಾಸರಗೋಡಿನ ನಮ್ಮ ಮನೆಗಳದೇ ಕಥೆ.

ಆ ನೆಲದಲ್ಲಿ ಭಾಷೆಗಳ ಹೋಗುಬರುವು ಹೊಸತಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ಊರು. ಅಲ್ಲಿಯೇ ಕ್ರಿ.ಶ. 893ರಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ, ಕನ್ನಡ ಶಾಸನ ಹುಟ್ಟಿತು. 13ನೆಯ ಶತಮಾನದಲ್ಲಿ ಶ್ರೀರಂಗದ ಬಳಿಯ ಕಣ್ಣನೂರಿನಿಂದ ಆಳಿದ ಹೊಯ್ಸಳ ರಾಮನಾಥನ ಶಾಸನಗಳಾದರೋ ಹೆಚ್ಚಾಗಿ ತಮಿಳಿನವು. ಆಳಲು ಬಂದ ಮನೆತನ ಆಳಿಸಿಕೊಂಡವರ ಮಾತಿಗೆ ಒಲಿಯಿತು.

ಐರ್ಲೆಂಡಿನಲ್ಲೂ ಹೀಗೆಯೇ ಆಯಿತು. 1169ರಲ್ಲಿ ಅಲ್ಲಿಗೆ ಇಳಿದ ನಾರ್ಮನ್ ದಂಡಾಳುಗಳ ವಂಶಸ್ಥರು ಕ್ರಮೇಣ ಐರಿಷ್ ಮಾತು, ಉಡುಪು, ಕಟ್ಟಳೆಗಳನ್ನು ತಮ್ಮದಾಗಿಸಿಕೊಂಡರು. ದಿಗಿಲುಗೊಂಡ ಇಂಗ್ಲಿಷ್ ಆಡಳಿತ 1366ರಲ್ಲಿ ಕಿಲ್ಕೆನಿಯಲ್ಲಿ ಕಾಯಿದೆ ಮಾಡಿತು: ಇಂಗ್ಲಿಷ್ ಮೂಲದವರು ಐರಿಷ್ ಆಡಕೂಡದು, ಐರಿಷರೊಡನೆ ಮದುವೆಯ ನಂಟು ಬೆಳೆಸಕೂಡದು, ಮಕ್ಕಳನ್ನು ಅವರ ಮನೆಯಲ್ಲಿ ಸಾಕಲು ಬಿಡಕೂಡದು. ಇಂಗ್ಲಿಷನ್ನು ಕಾಯಬೇಕಾದ ಆ ಕಾಯಿದೆಯನ್ನು ಬರೆದದ್ದು ಫ್ರೆಂಚಿನಲ್ಲಿ! ಮರುವರ್ಷ ರಾಜಪ್ರತಿನಿಧಿಯಾದ ಡೆಸ್ಮಂಡಿನ ಅರ್ಲ್ ಜೆರಾಲ್ಡ್ ಸ್ವತಃ ಐರಿಷ್ ಕವಿ. ಇಂಥವರು ಐರಿಷರಿಗಿಂತ ಹೆಚ್ಚು ಐರಿಷರಾದರೆಂಬ ಮಾತೇ ಮುಂದೆ ಹುಟ್ಟಿಕೊಂಡಿತು.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಜೆರಾಲ್ಡನೂ ರಾಮನಾಥನೂ ಮಾತು ಬದಲಿಸಿದ್ದು ಪಟ್ಟದಲ್ಲಿ ಕುಳಿತು. ಅವರ ಅನ್ನಕ್ಕೆ ಕುಂದಿರಲಿಲ್ಲ. ಅದೇ ಐರಿಷ್ ಭಾಷೆಗೆ ಮುಂದೆ ಇಂಗ್ಲಿಷಿನೆದುರು ಬಂದ ಗತಿ ಬೇರೆ. 1845ರಿಂದ ಬಡಿದ ಆಲೂಗಡ್ಡೆಯ ಬರದಲ್ಲಿ ಹೆಚ್ಚು ನವೆದವರು ಐರಿಷ್ ಆಡುವ ಬಡವರು. ಹಸಿವಿಗೆ, ವಲಸೆಗೆ, ನೌಕರಿಗೆ ಇಂಗ್ಲಿಷ್ ಬೇಕಾಯಿತು. ತಾಯ್ತಂದೆಯರೇ ಮಕ್ಕಳೊಡನೆ ತಮ್ಮ ಮಾತು ನಿಲ್ಲಿಸಿದರು. ಒಲವಿನಿಂದ ಇನ್ನೊಂದು ನುಡಿ ಕಲಿಯುವುದು ಬೇರೆ, ಅಳುಕಿನಿಂದ ತನ್ನದನ್ನು ಬಿಡುವುದು ಬೇರೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಕಾಯಿದೆ, ಮನವಿಗಳ ಮಾತನ್ನು ಬಹಳ ಆಡಿದ್ದೇವೆ. ಅದು ಬೇಕಾದುದೇ. ಆದರೆ ಕಾಯಿದೆಗೆ ಅಡಿಗೆಮನೆಯ ಬಾಗಿಲು ದಾಟಲು ಬಾರದೆಂದು ಕಿಲ್ಕೆನಿ ಹೇಳುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ನಾನು ದಿನವಿಡೀ ಸಂತೋಷದಿಂದಲೇ ಮಲಯಾಳ ಆಡುತ್ತೇನೆ. ಆದರೆ ಊಟಕ್ಕೆ ಕುಳಿತಾಗ ಮಗಳು ಮಲಯಾಳದಲ್ಲಿ ಕೇಳಿದ್ದಕ್ಕೆ ಬೇಸರಿಸದೆ ಕನ್ನಡದಲ್ಲಿ ಉತ್ತರಿಸುತ್ತೇನೆ. ಮೊನ್ನೆ ಉಪ್ಪಿನಕಾಯಿಯನ್ನು ಅವಳು ಕನ್ನಡದಲ್ಲೇ ಕೇಳಿದಳು.